ಬೈಕಿಗೆ ಕಟ್ಟಿದ ಬಾಳೆಕಂದು

ಬೈಕು ಜಾರಿದ್ದು ಬಾಳೆಕಂದಿನಿಂದ. ದೃಷ್ಟಿಯಿಂದಲ್ಲ, ಶನಿಯಿಂದಲ್ಲ, ಮುಂದಿನ ಸೀಟಿನಲ್ಲಿ ಕೂತಿದ್ದ ಗಂಡ ಸತ್ತವಳಿಂದಲೂ ಅಲ್ಲ. ಆ ಗಂಡ ಸತ್ತವಳು ನಾನು.

ಅಟ್ಟೂರಿನಲ್ಲಿ ನಾವು ರಾಗಿ ಬೆಳೀತಿದ್ದ ಜಾಗದಲ್ಲೇ ಈಗ ನಮ್ಮ ಬಿಲ್ಡಿಂಗು ನಿಂತಿದೆ. ಕೆಳಗೆಲ್ಲ ಬಾಡಿಗೆಯವರು, ಮೇಲೆ ನಾವು. ಕಳೆ ಕೀಳೋದಿಲ್ಲ, ಸಗಣಿ ಬಾಚೋದಿಲ್ಲ. ಎದ್ದರೆ ಗೇಟಿನವರೆಗೂ ಹೋಗ್ತೀನಿ, ರಸ್ತೆ ನೋಡ್ತೀನಿ, ವಾಪಸ್ ಬರ್ತೀನಿ, ಮತ್ತೆ ಹೋಗ್ತೀನಿ. ಕೂತರೆ ಕಾಲು ಜುಮ್ ಅನ್ನುತ್ತೆ. "ಒಂದ್ಕಡೆ ಇರಿ ಅತ್ತೆ, ನಿಮ್ಮನ್ನ ನೋಡಿ ನಂಗೇ ತಲೆ ಸುತ್ತುತ್ತೆ" ಅಂತಾಳೆ ಸೊಸೆ.

ಮಗನದ್ದೂ ಇದೇ ಕಾಯಿಲೆ. ಐವತ್ತು ಹತ್ತಿರ ಬಂದರೂ ಮನೆಯಲ್ಲಿ ನಿಲ್ಲಲ್ಲ. ಒಂದು ಹಳೇ ಟೆಂಪೊ ಟ್ರಾವೆಲರ್ ತಂದು, ಯಶವಂತಪುರದ ಶೆಡ್ಡೊಂದರಲ್ಲಿ ಬಿಟ್ಟು, ಒಳಗೆ ಮಲಗೋಕೆ ಹಲಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಮಾಡಿಸಿದ. ಹಿಂದೆ ಕಬ್ಬಿಣದ ಚೌಕಟ್ಟು ಹಾಕಿಸಿದ, ಬೈಕು ಅಡ್ಡ ನಿಲ್ಲಿಸೋಕೆ. ಗಾಡಿ ಹೋಗದ ಸಂದಿಗೆಲ್ಲ ಬೈಕಲ್ಲಿ ಹೋಗಬಹುದಂತೆ. ಮನೆಯನ್ನೇ ಹೊತ್ತುಕೊಂಡು ಹೋಗೋನಿಗೆ ಬೈಕು ಭಾರವಾ?

ಮೊದಲ ಸವಾರಿ ಎಲ್ಲಿಗೆ ಅಂದಾಗ ನಾನು ರಾಮೇಶ್ವರ ಅಂದೆ. ಭಕ್ತಿಯೇನಲ್ಲ. ರಾಮೇಶ್ವರ ಅಂದರೆ ಮುದುಕಿಯನ್ನ ಬಿಟ್ಟು ಹೋಗೋಕೆ ಯಾರಿಗೂ ಮನಸ್ಸು ಬರಲ್ಲ. ಅಷ್ಟೇ ಲೆಕ್ಕ. ನನಗೆ ಆ ಗೇಟು ದಾಟಬೇಕಿತ್ತು.

ಹೊರಡೋ ದಿನ ಗಾಡಿ ಪೂಜೆ ಇಟ್ಟುಕೊಂಡ್ವಿ. ತಣಿಸಂದ್ರದಿಂದ ಬೀಗಿತ್ತಿ ಬಂದಿದ್ದಳು, ಸೊಸೆಯ ತಾಯಿ. ಹಣೆ ತುಂಬ ಕುಂಕುಮ, ಬಾಯಿ ತುಂಬ ಶಾಸ್ತ್ರ. ಗಾಡಿಗೆ ಕಟ್ಟಿದ ಮೇಲೆ ಬೈಕಿಗೂ ಬಾಳೆಕಂದು ಬೇಡವಾ ಅಂದಳು. ದಾರದಲ್ಲಿ ಕಟ್ಟಿದರೆ ಪೇಂಟು ಕೆರೆಯುತ್ತೆ ಅಂತ ಮಗ, ಬೈಕು ಬಿಗಿಯೋ ಬೆಲ್ಟು ಸಡಿಲಿಸಿ, ಆ ಕಡೆಗೊಂದು ಈ ಕಡೆಗೊಂದು ಕಂದನ್ನ ಅದರ ಅಡಿಗೆ ತೂರಿಸಿ, ಟಕಟಕ ಅಂತ ಮತ್ತೆ ಬಿಗಿದ. ನೋಡೋಕೆ ಮದುವೆ ಗಂಡಿನಂಗಿತ್ತು. ಬೂದುಗುಂಬಳ ಒಡೆದರು, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಹೊರಟ್ವಿ. ಹಿಂದೆ ಕೂತರೆ ನನಗೆ ವಾಂತಿ, ಅದಕ್ಕೆ ಮಗನ ಪಕ್ಕ ಮುಂದೆ ಕೂತೆ. ಬೀಗಿತ್ತಿ ಮುಖ ಸಿಂಡರಿಸಿದ್ದು ಕನ್ನಡಿಯಲ್ಲಿ ಕಂಡಿತು.

ಬಾಳೆಕಂದಿನಲ್ಲಿ ಇರೋದೇ ನೀರು. ರಸ್ತೆಯ ಒಂದೊಂದು ಉಬ್ಬಿಗೂ ಬೆಲ್ಟಿನ ಅಡಿ ಜಜ್ಜಿ ಜಜ್ಜಿ ಪಿಚಿಪಿಚಿಯಾಗಿ, ಬೆಲ್ಟು ಸಡಿಲಾಗಿದೆ. ಹೆಬ್ಬಾಳದ ಫ್ಲೈಓವರ್ ಇಳೀವಾಗ ಒಬ್ಬ ಸ್ಕೂಟರಿನವನು ಪಕ್ಕಕ್ಕೇ ಬಂದು ಕಿಟಕಿ ಬಡಿದ. "ಗುರು, ನಿನ್ ಬೈಕು ಮಲಗ್ತಾ ಐತೆ, ನೋಡ್ಕೊ." ಮಗ ಪಕ್ಕಕ್ಕೆ ಹಾಕೋ ಹೊತ್ತಿಗೆ ಬೈಕು ಒಂದೇ ಬೆಲ್ಟಿನಲ್ಲಿ ಜೋತಾಡ್ತಿತ್ತು. ಹೆಡ್‌ಲೈಟು ಹೋಯ್ತು, ಹ್ಯಾಂಡಲ್ಲು ಸೊಟ್ಟ. ಯಾರ ಮೇಲೂ ಬೀಳಲಿಲ್ಲ. ಹಿಂದಿನವರೆಲ್ಲ ಹಾರನ್ ಹೊಡೆದೇ ಹೊಡೆದರು, ಪೊಲೀಸಿನವನು ಬಂದು ಬೈದ. ಹಗ್ಗ ಸುತ್ತಿ ಮನೆಗೆ ತಿರುಗಿಸಿದ್ವಿ. ಹೊರಟವಳಿಗೆ ಅದೇ ಗೇಟು.

ಬೀಗಿತ್ತಿ ಇನ್ನೂ ಹೋಗಿರಲಿಲ್ಲ. ನಮ್ಮ ಸೋಫಾದಲ್ಲಿ ಕೂತು ಕಾಫಿ ಕುಡೀತಾ, ಯಾರನ್ನೂ ಅಂತಿಲ್ಲ, ಆದರೂ ಒಳ್ಳೆ ಕೆಲಸಕ್ಕೆ ಹೊರಡುವಾಗ ಮುಂದೆ ಯಾರು ಕೂತಿದ್ದರು ಅಂತ ನೋಡಬೇಕಲ್ಲ ಅಂದಳು. ನಾಳೆ ಬೇಕಾದರೆ ತಾನೇ ಮುಂದೆ ಕೂತು ಬರ್ತಾಳಂತೆ, ಮುತ್ತೈದೆ ಇದ್ದರೆ ಒಳ್ಳೇದಂತೆ. ಸೊಸೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮಗ ನನ್ನ ಕಡೆ ತಿರುಗಿ, ನೀನು ಮುಂದಿನ ಸಲ ಬರುವೆಯಂತೆ ಅಂದ. ಬಸ್ಸಿನಲ್ಲಿ ಸೀಟಿಲ್ಲ ಅಂದ ಕಂಡಕ್ಟರನಂಗೆ.

ಅವನು ಸಂಜೆ ಹ್ಯಾಂಡಲ್ಲು ಸರಿಮಾಡಿಸಿಕೊಂಡು ಬಂದು ಬೈಕು ಕಟ್ಟುವಾಗ ಕೆಳಗೆ ಹೋದೆ. ಚೌಕಟ್ಟಿನಲ್ಲಿ ಬಾಳೆಯ ನಾರು ಇನ್ನೂ ಮೆತ್ತಿಕೊಂಡಿತ್ತು. ಕೈಗೆ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ.

"ಗೊತ್ತು ಕಣಮ್ಮ," ಅಂದ. ತಲೆ ಎತ್ತಲಿಲ್ಲ. "ಹೆಬ್ಬಾಳದಲ್ಲೇ ಗೊತ್ತಾಯ್ತು."

"ಮತ್ತೆ ಮೇಲೆ ಯಾಕೋ ಬಾಯಿ ಬಿಡ್ಲಿಲ್ಲ?"

"ಬೆಲ್ಟಿನ ಕೆಳಗೆ ಬಾಳೆಕಂದು ಇಟ್ಟೆ ಅಂತ ಅತ್ತೆ ಮುಂದೆ ಎಂಗಮ್ಮಾ ಹೇಳ್ಲಿ? ನಗ್ತಾರೆ."

ಅವನಿಗೆ ನಗು ಬೇಡ, ಅದಕ್ಕೆ ನನಗೆ ಶನಿ ಅನ್ನೋ ಹೆಸರು. ಬೈಯಬೇಕು ಅಂತ ಬಾಯಿ ತೆಗೆದೆ, ಬೈಯಲಿಲ್ಲ. ಬೈದರೆ ಅವನಿಗೆ ಸಮಾಧಾನ ಆಗ್ತಿತ್ತು. ನಾರನ್ನ ಅವನ ಅಂಗಿಗೆ ಒರೆಸಿ ಮೇಲೆ ಬಂದೆ. ಆ ಸಂಜೆ ಎಷ್ಟು ಸಲ ಗೇಟಿಗೆ ಹೋಗಿ ಬಂದೆನೋ. ಬಾಡಿಗೆಯವರ ಹುಡುಗಿ, ಅಜ್ಜಿ ಏನಾದ್ರೂ ಕಳೆದುಹೋಯ್ತಾ ಅಂತ ಕೇಳಿದಳು. ಹೂಂ ಅಂದೆ.

ಮಾರನೇ ದಿನ ಬೆಳಕು ಹರಿಯೋ ಮುಂಚೆ ಎದ್ದು, ಸ್ನಾನ ಮಾಡಿ, ಬಾಗಿಲ ಹಿಂದಿನ ಮೊಳೆಯಿಂದ ಗಾಡಿಯ ಕೀ ತಗೊಂಡು ಇಳಿದೆ. ಬೈಕಿನ ಬೆಲ್ಟುಗಳನ್ನ ಒಂದೊಂದಾಗಿ ಎಳೆದು ನೋಡಿದೆ. ಬಿಗಿಯಾಗಿದ್ದವು. ಮುಂದಿನ ಸೀಟಿಗೆ ಹತ್ತಿ, ಚೀಲ ಕಾಲಡಿ ಇಟ್ಟು ಕೂತೆ. ಎಲ್ಲರೂ ಕೆಳಗೆ ಬಂದರು. ಬೀಗಿತ್ತಿ ರೇಷ್ಮೆ ಸೀರೆಯಲ್ಲಿದ್ದಳು. ಮಗ ಕಿಟಕಿಯ ಹತ್ತಿರ ಬಂದು ಮೆತ್ತಗೆ ಕೀ ಕೇಳಿದ.

"ಬೈಕು ಯಾಕೆ ಜಾರಿತು ಅಂತ ಅವರಿಗೆ ಹೇಳು," ಅಂದೆ. "ಆಮೇಲೆ ಬಂದು ಕೂತ್ಕೊ. ಕೊಡ್ತೀನಿ."