ಪರದೆಗಾಗಿ ಉಳಿಸಿದ ಲಸಿಕೆ

"ಇಂಜಕ್ಷನ್ ಇಲ್ಲ ಕಣಮ್ಮ, ಮಂಡ್ಯಕ್ಕೆ ಕರ್ಕೊಂಡೋಗು" ಎಂದು ಫಾರ್ಮಸಿಸ್ಟ್ ಹೇಳಿದಾಗ ನಾನು ಅವನದೇ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದೆ. ಅದು ಮಳವಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ಯಾವ ಆಸ್ಪತ್ರೆಗೆ ಯಾವ ಔಷಧಿ ಎಷ್ಟು ಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅಂದು ದಾಸ್ತಾನು ನೋಡಲು ಹೋಗಿದ್ದೆ. ಕಿಟಕಿಯಾಚೆ, ಮುತ್ತತ್ತಿಯಲ್ಲಿ ಹಣ್ಣುಕಾಯಿ ಮಾರುವ ಹೆಂಗಸೊಬ್ಬಳು ಕೋತಿ ಕಚ್ಚಿದ ಮಗಳ ಕೈಗೆ ಸೆರಗು ಸುತ್ತಿ ನಿಂತಿದ್ದಳು. ನನ್ನ ಕಣ್ಣೆದುರೇ ರೇಬಿಸ್ ಲಸಿಕೆಯ ಬಾಟಲಿಗಳಿದ್ದವು.

"ಇವೇನ್ರೀ ಮತ್ತೆ?" ಎಂದೆ.

"ಅವನ್ನ ಮುಟ್ಟಂಗಿಲ್ಲ ಸಾರ್. ಪೂರ್ತಿ ಖಾಲಿಯಾದ್ರೆ ನಿಮ್ ಕಂಪ್ಯೂಟರಲ್ಲಿ ಕೆಂಪು ಬತ್ತದೆ, ಮೇಲಿನೋರು ನಮ್ಗೆ ಉಗೀತಾರೆ. ಅದ್ಕೇ ಯಾವಾಗ್ಲೂ ಒಂದೆರಡು ಮಡಗಿರ್ತೀವಿ."

ಅವಳಿಗೂ ಕೇಳಿಸಿತು. "ಔಸ್ದಿ ಇರೋದು ನನ್ ಮಗೀಗಾ, ನಿಮ್ ಕಂಪ್ಯೂಟ್ರಿಗಾ?" ಎಂದು ಕಿಟಕಿಗೆ ಬಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಟಲಿಯನ್ನು ನಾನೇ ತೆಗೆದು ನರ್ಸ್ ಕೈಗೆ ಕೊಟ್ಟೆ. ಮಗುವಿಗೆ ಚುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಈಗ ನನ್ನ ಕಂಪ್ಯೂಟರ್ ಪರದೆಯ ತುಂಬ, ದಾಸ್ತಾನಿದೆ ಎನ್ನುವ ಹಸಿರು ಕಂಡರೆ ಅನುಮಾನ ಬರುತ್ತದೆ. ಕೆಂಪು ಕಂಡರೆ, ಅಲ್ಲಾದರೂ ಔಷಧಿ ಯಾರಿಗೋ ಸಿಕ್ಕಿದೆಯಲ್ಲ ಎನಿಸುತ್ತದೆ.