ಹಣಿಗೆಯಲ್ಲಿ ಬಿಟ್ಟ ಎಳೆಗಳು

ಹೋದ ವಾರ ಚಾದರ ತೆಗೆಯಲು ಟ್ರಂಕು ತೆರೆದಾಗ ಹಳೆಯ ಗಂಜಿಯ ವಾಸನೆ ಬಂತು. ತಳದಲ್ಲಿ ಹಳದಿ ನೂಲಿನ ಒಂದು ಕಟ್ಟು ಇತ್ತು, ಗೇಣುದ್ದದ್ದು. ಕೈಯಲ್ಲಿ ಹಿಡಿದು ಹಾಗೇ ಕುಳಿತೆ...

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಸೀರೆ ನೇಯುತ್ತಿದ್ದರು. ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ನೂಲಿನ ಲಾಳಿಯನ್ನು ಅತ್ತಿಂದಿತ್ತ ಓಡಿಸುತ್ತ ದಿನವಿಡೀ ಹಲಗೆ ತುಳಿಯಬೇಕು. ಟಿ.ವಿ. ನಮ್ಮ ಮನೆಯಲ್ಲಿತ್ತು. ಫುಟ್‌ಬಾಲ್ ಇದ್ದರೆ ಕಾಕಾ ಬರುತ್ತಿದ್ದರು, ಅದೂ ಬ್ರೆಜಿಲಿನ ಒಬ್ಬನಿಗಾಗಿ. ಹಳದಿ ಅಂಗಿ, ಒಂಬತ್ತನೇ ನಂಬರು, ಮುಂದಿನ ಹಲ್ಲು ಕಾಣುವ ನಗು. ಬಡವರ ಮನೆಯಲ್ಲಿ ಹುಟ್ಟಿ, ಹುಡುಗನಿರುವಾಗಲೇ ದೇಶದ ತಂಡ ಸೇರಿದ್ದವನು. ಚೆಂಡು ಅವನ ಕಾಲಿಗೆ ಸಿಕ್ಕರೆ ಕಾಕಾ, "ಲಾಳಿ ಹೋದಂಗ ಹೊಂಟ ನೋಡು" ಎನ್ನುತ್ತಿದ್ದರು.

ಆಮೇಲೆ ಅವನ ಮೊಣಕಾಲು ಕೆಟ್ಟಿತು. ಆಪರೇಷನ್ ಆಗಿ, ತಿಂಗಳುಗಟ್ಟಲೆ ಕಾದು, ಮರಳಿ ಮೈದಾನಕ್ಕೆ ಬಂದ ದಿನವೇ ಯಾರೂ ಮುಟ್ಟದೆ ಬಿದ್ದ. ಸುದ್ದಿಯಲ್ಲಿ ನೋಡಿದೆವು. ಅದೇ ವರ್ಷ ಅವರ ಬಲ ಮೊಣಕಾಲೂ ಮಡಚದಂತಾಯಿತು. ಗದಗಿನ ದವಾಖಾನೆಯಲ್ಲಿ ಇನ್ನು ಮಗ್ಗ ತುಳಿಯಬೇಡಿ ಎಂದರು.

ಸೀರೆ ಮುಗಿದಾಗ ನೇಕಾರರು ಮಗ್ಗವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಉದ್ದಕ್ಕೆ ಹೂಡಿದ ಹಾಸಿನ ಎಳೆಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ಹಾಸಿನ ಎಳೆಗಳನ್ನು, ಬೂದಿ ಹಚ್ಚಿ, ಆ ತುದಿಗಳಿಗೆ ಒಂದೊಂದಾಗಿ ಹೊಸೆಯುತ್ತಾರೆ. ಹೊಸೆಯುವುದು ಕಾಕಾನ ಹೆಂಡತಿ ಕಾಕುವಿನ ಕೆಲಸ. ತುದಿ ಇರುವ ತನಕ ಆ ಮಗ್ಗ ನಿಂತಿಲ್ಲ ಎಂದೇ ಲೆಕ್ಕ. ಕಾಕಾನ ಮಗ್ಗದಲ್ಲಿ ವರ್ಷ ದಾಟಿದರೂ ತುದಿಗಳು ಧೂಳು ಹಿಡಿದು ಜೋತಿದ್ದವು.

"ಕತ್ತರಿಸಿ ಒಗೀರಿ, ಮಗ್ಗಾ ಮಾರೂಣು" ಎನ್ನುತ್ತಿದ್ದರು ಕಾಕು.

"ಅಂವಾ ಏಳ್ಲಿ, ಆಮ್ಯಾಲ ನೋಡೂಣು."

"ಅಲ್ರೀ, ಅಂವಾ ಅಲ್ಲಿ ಎದ್ರ ಇಲ್ಲಿ ನಿಮ್ಮ ಮೊಣಕಾಲ ನೆಟ್ಟಗ ಆಕ್ಕೈತೇನ್ರಿ?"

ಅವನು ಎದ್ದ. ಆ ಸಲದ ವಿಶ್ವಕಪ್ಪಿನ ಆಟಗಳು ನಮಗೆ ಮಧ್ಯಾಹ್ನ ಬರುತ್ತಿದ್ದವು. ಫೈನಲ್ಲಿಗೆ ಅವನು ಹಣೆಯ ಮೇಲಷ್ಟೇ ಒಂದು ಹಿಡಿ ಕೂದಲು ಬಿಟ್ಟು ತಲೆ ಬೋಳಿಸಿಕೊಂಡು ಬಂದಿದ್ದ. ಕಾಕು ಬಾಗಿಲಲ್ಲಿ ನಿಂತು, "ನೀವೂ ಹಂಗ ಬೋಳಿಸ್ಕೊಂಡ ಬಂದೀರಿ ಮತ್ತ, ಮನಿಯಾಗ ಬಿಟ್ಕೊಳ್ಳೂದಿಲ್ಲ" ಎಂದರು. ಬ್ರೆಜಿಲ್ ಗೆದ್ದಿತು, ಎರಡೂ ಗೋಲು ಅವನವೇ. ಕಾಕಾ ಚಪ್ಪಾಳೆ ತಟ್ಟಲಿಲ್ಲ. ಅವರ ಎರಡೂ ಕೈ ಬಲ ಮೊಣಕಾಲಿನ ಮೇಲಿದ್ದವು.

ಮರುದಿನ ಬೆಳಿಗ್ಗೆ ಕಾಕು ಗೊಣಗುತ್ತಲೇ ಬೂದಿಯ ಬಟ್ಟಲು ಹಿಡಿದು ಮಗ್ಗದ ಮುಂದೆ ಕುಳಿತರು.

ಕಾಕಾ ಹಲವು ವರ್ಷ ನೇಯ್ದರು, ಕುಂಟುತ್ತಲೇ. ಅವನೂ ಆಡಿದ. ಮೈ ಬಂತು, ಮತ್ತೆ ಕಾಲು ಕೆಟ್ಟಿತು, ಮತ್ತೆ ಎದ್ದ... ಕೊನೆಗೊಂದು ದಿನ ಟಿ.ವಿ.ಯಲ್ಲಿ ಕಣ್ಣೊರೆಸಿಕೊಂಡು, ಇನ್ನು ಮೈ ಕೇಳುವುದಿಲ್ಲವೆಂದು ಆಟ ಬಿಟ್ಟ.

ಕಾಕಾ ಎದ್ದು ಮನೆಗೆ ನಡೆದರು. ನಾನು ಹಿಂದೆಯೇ ಹೋದೆ. ಹಿಂದಿನ ದಿನವಷ್ಟೇ ಒಂದು ಹಳದಿ ಸೀರೆ ಇಳಿಸಿದ್ದರು, ತುದಿಗಳು ಮಗ್ಗದಲ್ಲಿದ್ದವು. ಕಾಕಾ ಕತ್ತರಿ ತೆಗೆದುಕೊಂಡರು. ಕಾಕು ಓಡಿಬಂದು ಅವರ ಮುಂಗೈ ಹಿಡಿದರು.

"ಇರ್ಲಿ ಬಿಡ್ರಿ. ನಾಳೆ ನಾ ಹೊಸೀತೀನಿ."

"ಸಾಕ ಬಿಡ. ಅಂವಗೂ ಸಾಕಾತು."

ಕತ್ತರಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಕಾಕಾ ಎಳೆಗಳನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. "ತಗೋ ತಮ್ಮಾ, ಸೈಕಲ್ ಒರಸಾಕ ಬರ್ತಾವು" ಎಂದರು.

ನಾನು ಒರೆಸಲಿಲ್ಲ. ಈಗ ಕಾಕಾ ಇಲ್ಲ, ಕಾಕುವೂ ಇಲ್ಲ. ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದಾರೆ. ಹೋದ ವಾರ ಕಟ್ಟಿನಿಂದ ಎರಡು ಎಳೆ ತೆಗೆದು, ಕಾಕು ಮಾಡುತ್ತಿದ್ದಂತೆ ಬೆರಳಲ್ಲಿ ಹೊಸೆದು ನೋಡಿದೆ. ಸ್ವಲ್ಪ ಹೊತ್ತು ನಿಂತವು. ಆಮೇಲೆ ಬಿಚ್ಚಿಕೊಂಡವು...