ಹೊಸಪೇಟೆ ಮೇಡಂ ಮತ್ತು ನಾರ್ವೆಯ ನಕಾಶೆ

"ರೀ, ನಾರ್ವೇದಾಗ ಎಷ್ಟು ಜಿಲ್ಲಾ ಅದಾವ ಹೇಳ್ರಿ ನೋಡೋಣ?"

ಸ್ಯಾನ್ ಮಟಿಯೋ ಸೇತುವೆಯ ನಟ್ಟನಡುವೆ, ಸಂಜೆಯ ಟ್ರಾಫಿಕ್ಕಿನಲ್ಲಿ, ಮುಂದಿನ ಕಾರಿನ ಕೆಂಪು ದೀಪವನ್ನೇ ದಿಟ್ಟಿಸುತ್ತಾ ಕೂತ ಗಂಡನಿಗೆ ಕೇಳುವ ಪ್ರಶ್ನೆಯೇ ಇದು? ನನಗೆ ಕರ್ನಾಟಕದ ಜಿಲ್ಲೆಗಳನ್ನೇ ಪೂರ್ತಿ ಎಣಿಸಲು ಬರುವುದಿಲ್ಲ. (ನಿಮಗೆ ಬರುತ್ತದೆಯೇ? ಈಗಲೇ ಎಣಿಸಿ. ಮೊಬೈಲು ಮುಟ್ಟಬಾರದು.)

"ಹತ್ತು?" ಎಂದೆ.

"ನಮ್ಮ ಆಫೀಸಿನವ್ರು ಹನ್ನೊಂದು ಅಂತಾರ. ಖರೇ ಅಂದ್ರ ಹದಿನೈದು ಅದಾವ."

ಹೋದ ಮಂಗಳವಾರ ನಮ್ಮ ಮನೆಯ ನಾರ್ವೆ ಪ್ರಕರಣ ಶುರುವಾಗಿದ್ದು ಹೀಗೆ.

ಕೇಳಿದವಳು ನನ್ನ ಹೆಂಡತಿ ನಸ್ರೀನ್. ಮೂರು ವರ್ಷದ ಹಿಂದೆ ಈ ದೇಶಕ್ಕೆ ಬರುವವರೆಗೆ ಅವಳು ಹೊಸಪೇಟೆಯ ಕನ್ನಡ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮೇಡಂ. ನಾನು ಬೆಂಗಳೂರಿನಲ್ಲಿ ಇಂಜಿನಿಯರು, ವಾರಕ್ಕೊಮ್ಮೆ ಗಂಡ. ಇಬ್ಬರ ಮನೆಮಾತೂ ಉರ್ದು. ಆದರೆ ಸಿಟ್ಟು ಬಂದಾಗಲೂ ಪಾಠ ಹೇಳುವಾಗಲೂ ಅವಳ ಬಾಯಿಂದ ಹೊರಡುವುದು ಹೊಸಪೇಟೆ ಕನ್ನಡ. ಆ ಸಂಜೆ ಎರಡೂ ಸೇರಿದ್ದವು.

ಇಲ್ಲಿ ಅವಳಿಗೆ ಸಿಕ್ಕಿದ್ದು ಮಕ್ಕಳ ಕಲಿಕೆಯ ಆ್ಯಪ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸ. ದೇಶದ ನಕಾಶೆಯನ್ನು ಜಿಲ್ಲೆ ಜಿಲ್ಲೆಯಾಗಿ ಬಿಡಿಸಿ ಮತ್ತೆ ಜೋಡಿಸುವ ಆಟ. ಹೆಸರುಗಳ ಸ್ಪೆಲಿಂಗ್ ನೋಡುವುದಷ್ಟೇ ಇವಳ ಪಾಲಿಗೆ. ನಾರ್ವೆಯ ಹೆಸರುಗಳು ಸರಿಯಿವೆಯೇ ಎಂದು ಅಲ್ಲಿನ ಸರ್ಕಾರದ ವೆಬ್‌ಸೈಟ್ ತೆಗೆದರೆ, ಆಟದಲ್ಲಿದ್ದ ವಿಕೆನ್ ಎಂಬ ದೊಡ್ಡ ಜಿಲ್ಲೆ ಅಲ್ಲಿ ಇಲ್ಲವೇ ಇಲ್ಲ!

ಸೇತುವೆ ಮುಗಿಯುವಷ್ಟರಲ್ಲಿ ನನಗೆ ಪೂರ್ತಿ ಪಾಠವಾಯಿತು. ಅಲ್ಲಿ ಜಿಲ್ಲೆಗೆ ಫ್ಯುಲ್ಕೆ ಎನ್ನುತ್ತಾರಂತೆ. ಓಸ್ಲೋ ರಾಜಧಾನಿಯೂ ಹೌದು, ತಾನೇ ಒಂದು ಜಿಲ್ಲೆಯೂ ಹೌದು. ಕೆಲವು ವರ್ಷದ ಹಿಂದೆ ಸರ್ಕಾರ ಹಲವು ಜಿಲ್ಲೆಗಳನ್ನು ಒಟ್ಟುಗೂಡಿಸಿ ಹನ್ನೊಂದಕ್ಕೆ ಇಳಿಸಿತು. ಓಸ್ಲೋ ಸುತ್ತಲಿನ ಮೂರು ಸೇರಿ ವಿಕೆನ್ ಆಯಿತು. ತುತ್ತತುದಿಯಲ್ಲಿ, ಬೇಸಿಗೆಯಲ್ಲಿ ಸೂರ್ಯ ಮುಳುಗದ ಫಿನ್‌ಮಾರ್ಕನ್ನು ಪಕ್ಕದ ಟ್ರೋಮ್ಸ್‌ಗೆ ಕಟ್ಟಿದರು. ಜನ ಒಪ್ಪಲಿಲ್ಲ. ನಾಲ್ಕು ವರ್ಷಕ್ಕೆ ಇಂಥ ಕೆಲವನ್ನು ಮತ್ತೆ ಬಿಡಿಸಬೇಕಾಯಿತು, ಹನ್ನೊಂದು ಹದಿನೈದಾಯಿತು. ಆ್ಯಪಿನವರ ಕೈಲಿದ್ದದ್ದು ಹಳೆಯ ಪಟ್ಟಿ.

"ಗ್ರೆಗ್‌ಗೆ ಹೇಳಿದೆ. ಪಟ್ಟಿ ದುಡ್ಡು ಕೊಟ್ಟು ತಂದದ್ದು, ಸರಿ ಇರ್ತದ, ಶುಕ್ರವಾರ ರಿಲೀಸ್ ಅಂದ."

ಗ್ರೆಗ್ ಎಂದರೆ ಅವಳ ಟೀಮ್ ಲೀಡ್. ಒಳ್ಳೆಯವನು, ಆದರೆ ಅವಸರದವನು.

ಈಗ ನಾನು ಕೊಟ್ಟ ಘನವಾದ ಸಲಹೆ ಕೇಳಿ. "ಸುಮ್ನಿರು ನಸ್ರೀನ್. ನಿನಗೆ ಕೊಟ್ಟಿರೋದು ಸ್ಪೆಲಿಂಗ್ ಕೆಲಸ. ತಿಂಗಳ ಕೊನೇಲಿ ಕಾಂಟ್ರಾಕ್ಟ್ ರಿನ್ಯೂಯಲ್ ಇದೆ. ನಾರ್ವೆ ಜಿಲ್ಲೆ ಕಟ್ಕೊಂಡು ನಿನಗೇನಾಗ್ಬೇಕು?"

ಅವಳು ಕಿಟಕಿಯಾಚೆ ಕೊಲ್ಲಿಯ ನೀರನ್ನು ನೋಡುತ್ತಾ ಹೇಳಿದಳು: "ತಪ್ಪು ನಕಾಶಿ ಹಿಡಕೊಂಡು ನಾ ಕ್ಲಾಸಿಗೆ ಹೋಗಂಗಿಲ್ಲ."

ಗುರುವಾರ ನಮ್ಮಿಬ್ಬರಿಗೂ ಮನೆಯಿಂದಲೇ ಕೆಲಸ. ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೀಟಿಂಗಿಗೆ ಕೂತಳು. ನಾನು ಅಡುಗೆಮನೆಯಲ್ಲಿ ಚಹಾ ಮಾಡುವ ನೆಪದಲ್ಲಿ ಕಿವಿ ನಿಮಿರಿಸಿ ನಿಂತೆ. ನಿಮಗೆ ಗೊತ್ತಿರಲಿ, ಮೂರು ಸಾಲು ಹುಡುಗರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಈ ಮೇಡಂ, ಇಂಗ್ಲಿಷ್ ಮೀಟಿಂಗುಗಳಲ್ಲಿ ಬಾಯೇ ಬಿಡುತ್ತಿರಲಿಲ್ಲ. ಮೈಕು ಸದಾ ಮ್ಯೂಟು.

ಕೊನೆಯಲ್ಲಿ ಗ್ರೆಗ್ ಕೇಳಿದ: "ಎನಿಥಿಂಗ್ ಎಲ್ಸ್?"

ಮೈಕು ಆನ್ ಆಯಿತು. ನನ್ನ ಚಹಾ ಉಕ್ಕಿತು.

ಅವಳು ಒಂದೊಂದೇ ಇಂಗ್ಲಿಷ್ ಪದ ಜೋಡಿಸಿ ನಿಧಾನವಾಗಿ ಕೇಳಿದ್ದರ ತಾತ್ಪರ್ಯ ಇಷ್ಟು: "ಫಿನ್‌ಮಾರ್ಕಿನ ಒಂದು ಮಗು ಈ ಆಟ ತೆರೆಯುತ್ತದೆ. ತನ್ನ ಜಿಲ್ಲೆ ಹುಡುಕುತ್ತದೆ. ಸಿಗುವುದಿಲ್ಲ. ಆ ಮಗುವಿಗೆ ನಾವು ಏನು ಹೇಳೋಣ ಗ್ರೆಗ್?"

ಆ ಕಡೆ ಕೀಬೋರ್ಡಿನ ಸದ್ದು ಶುರುವಾಯಿತು. ಗ್ರೆಗ್ ತಾನೇ ಹುಡುಕಿ ನೋಡುತ್ತಿದ್ದ. ಹೊಸ ಪಟ್ಟಿ ಕಣ್ಣಿಗೆ ಬಿದ್ದ ಮೇಲೆ, "ಯೂ ಆರ್ ರೈಟ್" ಎಂದ. ನಾರ್ವೆಯ ರಿಲೀಸ್ ಅಲ್ಲೇ ನಿಂತಿತು. ಆಟವನ್ನು ಪ್ರಯೋಗಕ್ಕೆ ನೋಡುತ್ತಿದ್ದ ಅಲ್ಲಿನ ಟೀಚರೊಬ್ಬರ ಜೊತೆ ನಾಳೆ ನೀನೇ ಮಾತಾಡು ಎಂದು ಇವಳಿಗೇ ಒಪ್ಪಿಸಿದ.

ಶುಕ್ರವಾರವೂ ಇಬ್ಬರೂ ಮನೆಯಲ್ಲೇ. ಬೆಳಗ್ಗೆ ಪರದೆಯ ಮೇಲೆ ಬಂದದ್ದು ಮಾರಿಟ್ ಎಂಬ ಬೆಳ್ಳಿಗೂದಲಿನ ಹೆಂಗಸು. ಸಾಕ್ಷಾತ್ ಫಿನ್‌ಮಾರ್ಕಿನವರೇ! ಹದಿನೈದು ಜಿಲ್ಲೆಗಳನ್ನು ಇಬ್ಬರೂ ಒಂದೊಂದಾಗಿ ನೋಡಿ ಮುಗಿಸಿದರು. ಆಮೇಲೆ ಮಾರಿಟ್ ನಗುತ್ತಾ ಹೇಳಿದರು: "ನಾಲ್ಕು ವರ್ಷವೂ ನನ್ನ ಕ್ಲಾಸಿನ ಮಕ್ಕಳು ನೋಟ್‌ಬುಕ್ಕಿನ ಮೇಲೆ ಫಿನ್‌ಮಾರ್ಕ್ ಅಂತಲೇ ಬರೆದರು. ತಪ್ಪು ಅಂತ ಗೊತ್ತಿತ್ತು. ನಾನು ತಿದ್ದಲಿಲ್ಲ."

ಆಗ ನಸ್ರೀನ್ ತನ್ನ ಕಥೆ ಹೇಳಿದಳು. ಬಳ್ಳಾರಿ ಜಿಲ್ಲೆಯನ್ನು ಒಡೆದು ಹೊಸಪೇಟೆಗೆ ವಿಜಯನಗರ ಜಿಲ್ಲೆ ಕೊಟ್ಟಾಗ, ಅವಳ ತವರು ಬಳ್ಳಾರಿಯಲ್ಲಿ ಬಂದ್, ಶಾಲೆಯಿದ್ದ ಹೊಸಪೇಟೆಯಲ್ಲಿ ಪಟಾಕಿ. ಮರುದಿನ ಅವಳು ಗೋಡೆಯ ನಕಾಶೆಯ ಮೇಲೆ ಕೆಂಪು ಶಾಯಿಯಲ್ಲಿ ಹೊಸ ಗಡಿ ಎಳೆದಳಂತೆ. ಮಕ್ಕಳು ಚಪ್ಪಾಳೆ ತಟ್ಟಿದರು. ಇವಳೂ ನಕ್ಕಳು. ಸಂಜೆ ಬಳ್ಳಾರಿಯಿಂದ ಅಮ್ಮನ ಫೋನು. ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ: "ನೀ ಈಗ ಬ್ಯಾರೆ ಜಿಲ್ಲಾದಾಕಿ ಆದಿ ಹೌದಿಲ್ಲೊ?"

ಅಮ್ಮನ ಮಾತನ್ನು ಇಂಗ್ಲಿಷಿಗೆ ತರುವಾಗ ಅವಳು ಎರಡು ಸಲ ಪದ ಬದಲಿಸಿದಳು. ಮಾರಿಟ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಯಲ್ಲಿ ಚಹಾದ ಒಲೆ ಆರಿಸಿದೆ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಈ ಫೋನಿನ ಸುದ್ದಿ ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲೂ ಇಲ್ಲ.

ಸರ್ಕಾರ ಗೆರೆ ಎಳೆಯುತ್ತದೆ, ಅಳಿಸುತ್ತದೆ. ಅದಕ್ಕೊಂದು ಆದೇಶ ಸಾಕು. ಆ ಗೆರೆಯನ್ನು ಮಕ್ಕಳ ತಲೆಯೊಳಗೆ ಇಳಿಸುವ ಕೆಲಸ ಮಾತ್ರ ಎಲ್ಲ ದೇಶದಲ್ಲೂ ಇಂಥ ಮೇಡಂಗಳದ್ದೇ. ಅವರಿಗೆ ನಕಾಶೆಯ ಬೆಲೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿದ್ದೀತು? ನಾನೋ, ಊರಿನ ಆ ಓದು, ಆ ಟೀಚರ್ ನೌಕರಿ ಎಲ್ಲ ವಿಮಾನ ಹತ್ತುವಾಗಲೇ ಮುಗಿದುಹೋಯಿತು ಎಂದುಕೊಂಡಿದ್ದೆ. ಹಾಗಂತ ಅವಳನ್ನೂ ನಂಬಿಸಿಬಿಟ್ಟಿದ್ದೆ.

ಈ ಸೋಮವಾರ ಹದಿನೈದು ತುಂಡುಗಳ ನಾರ್ವೆ ಹೊರಬಂತು. ಯುರೋಪಿನ ಉಳಿದ ನಕಾಶೆಗಳೂ ಈಗ ಇವಳ ಕಣ್ಣು ದಾಟಿಯೇ ಹೋಗಬೇಕು. ಕಾಂಟ್ರಾಕ್ಟು ಮೂರು ತಿಂಗಳು ಮುಂದುವರಿದಿದೆ. (ಪರ್ಮನೆಂಟ್ ಅಲ್ಲ. ಅಷ್ಟು ಬೇಗ ಹಾರಬೇಡಿ.)

ನಿನ್ನೆ ಫ್ರೀಮಾಂಟಿನಲ್ಲಿ ಗೆಳೆಯರ ಮನೆಯಲ್ಲಿ ಊಟ. ಹೊಸದಾಗಿ ಪರಿಚಯವಾದ ಮಹನೀಯರೊಬ್ಬರು ತಮ್ಮ ಪತ್ನಿ ಯಾವುದೋ ದೊಡ್ಡ ಕಂಪನಿಯಲ್ಲಿ ಡೈರೆಕ್ಟರ್ ಎಂದು ಬಿರಿಯಾನಿಗಿಂತ ಮೊದಲೇ ಬಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಮಿಸೆಸ್ ಏನ್ ಮಾಡ್ತಾರೆ?" ಎಂದರು.

"ನಾರ್ವೆಗೆ ನಾಲ್ಕು ಜಿಲ್ಲೆ ವಾಪಸು ಕೊಡಿಸಿದ್ದಾಳೆ ಸಾರ್" ಎಂದೆ. "ನಿಮ್ಮವರು ಎಷ್ಟು ಕೊಡಿಸಿದ್ದಾರೆ?"